ಸ್ವಿಚ್ಚಿನೊಳಗಿನ ಬಂಡಿದಾರಿ

ಮಾವನ ಮನೆಯಲ್ಲಿ ಅಳಿಯನಾದವನು ಉಣ್ಣುವುದಕ್ಕಷ್ಟೇ ಬಾಯಿ ತೆರೆಯಬೇಕು. ಹಿರಿಯರು ಇದನ್ನು ಹೇಳಿರದಿದ್ದರೆ ಈಗ ಹೇಳಿದ್ದಾಯಿತು. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು, ವಿದ್ಯಾನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಪ್ರಿಂಟರುಗಳಿಗೆ ಇಂಕು ತುಂಬಿ ಕೈ ಕಪ್ಪು ಮಾಡಿಕೊಂಡು ಹೇಗೋ ಮರ್ಯಾದೆಯಿಂದ ಬದುಕಿದ್ದ ಶಿವರಾಜ್, ಭದ್ರಾವತಿಯ ಅತ್ತೆಯ ಮುಂದೆ ಒಂದೇ ಒಂದು ಸಲ ಅನಾವಶ್ಯಕವಾಗಿ ಬಾಯಿ ಬಿಟ್ಟ. "ಅದೇನು ಮಹಾ ಅತ್ತೆ, ಒಂದು ಗಂಟೆ ಕೆಲಸ" ಅಂದ. ಆ ಒಂದು ಗಂಟೆ ಇನ್ನೂ ಮುಗಿದಿಲ್ಲ.

ಸಂಗತಿ ತಿಳಿಯಬೇಕಾದರೆ ಮೊದಲು ಪಾಲಿನ ಕಥೆ ಹೇಳಬೇಕು.

ಶಿವರಾಜನ ಮಾವನವರದು ಭದ್ರಾವತಿ ನ್ಯೂ ಟೌನಿನಲ್ಲಿ ಎರಡು ಅಂತಸ್ತಿನ ಪಾತ್ರೆ ಅಂಗಡಿ. ಕೆಳಗೆ ಸ್ಟೀಲು, ಹಿತ್ತಾಳೆ. ಮೇಲೆ ಮಿಕ್ಸಿ, ಗ್ರೈಂಡರು, ಫ್ರಿಜ್ಜು. ಅವರು ತೀರಿಕೊಂಡ ವರ್ಷವೇ ಗಂಡುಮಕ್ಕಳಿಬ್ಬರೂ ಪಾಲಾದರು. ಕೆಳಗಿನ ಅಂಗಡಿ ಹಿರಿಯ ಗಂಗಾಧರಪ್ಪನಿಗೆ, ಮೇಲಿನದು ಕಿರಿಯ ವಿಜಯೇಂದ್ರನಿಗೆ. ಇವರಿಬ್ಬರ ನಡುವೆ ಹುಟ್ಟಿದವಳು ಶಿವರಾಜನ ಹೆಂಡತಿ ಸಮತಾ. ಪಾಲು ಮಾಡಿಸಿದವರು ದಾಯಾದಿಗಳಲ್ಲಿ ಹಿರಿಯರಾದ ಶಿವಶಂಕರಪ್ಪನವರು. ಕಂದಾಯ ಇಲಾಖೆಯಲ್ಲಿ ಮೂವತ್ತಾರು ವರ್ಷ ಸವೆದವರು. ನಿವೃತ್ತರಾಗಿ ಹತ್ತು ವರ್ಷವಾದರೂ ಯಾರ ಮನೆಗೆ ಹೋದರೂ ಮೊದಲು ನಾಲ್ಕು ದಿಕ್ಕಿನ ಚಕ್ಕುಬಂದಿ ನೋಡುತ್ತಾರೆ, ಆಮೇಲೆ ಚಪ್ಪಲಿ ಬಿಡುತ್ತಾರೆ. ಅವರು ಪಾಲು ಮಾಡಿದರೆ ಅದು ಪಾಲು. ತಕ್ಕಡಿ ಅಣ್ಣನಿಗೆ, ತೂಕದ ಕಲ್ಲು ತಮ್ಮನಿಗೆ. ಏಣಿ ಅಣ್ಣನಿಗೆ, ಅಟ್ಟ ತಮ್ಮನಿಗೆ. ಹೀಗಾಗಿ ಅಣ್ಣ ತೂಗಲಾರ, ತಮ್ಮ ಹತ್ತಲಾರ. ಇಬ್ಬರಿಗೂ ಸಮನಾಗಿ ತೊಂದರೆಯಾದರೆ ಅದೇ ನ್ಯಾಯ ಎಂದು ಶಿವಶಂಕರಪ್ಪನವರು ನಂಬಿದ್ದರು.

ಕೊನೆಗೆ ಅವರು ಕನ್ನಡಕ ಏರಿಸಿಕೊಂಡು ಸಮತಾಳನ್ನೂ ಕೇಳಿದರು. "ನಿನಗೇನು ಬೇಕಮ್ಮ?"

"ನನಗೇನೂ ಬೇಡ ದೊಡ್ಡಪ್ಪ. ವರ್ಷಕ್ಕೊಂದ್ಸಲ ಗೌರಿ ಹಬ್ಬಕ್ಕೆ ತವರಿಂದ ಒಂದು ಬಾಗಿನ ಬಂದ್ರೆ ಸಾಕು."

ಅಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ಹೆಣ್ಣುಮಕ್ಕಳು ಏನೂ ಬೇಡ ಅಂದಾಗ ನಮ್ಮ ಕಡೆ ಜನಕ್ಕೆ ಕಣ್ಣೀರು ಧಾರಾಳವಾಗಿ ಬರುತ್ತದೆ. ಶಿವಶಂಕರಪ್ಪನವರು ಏಳನೇ ಕಲಮಾಗಿ ಬರೆದರು: ಮಗಳಿಗೆ ಪ್ರತಿ ವರ್ಷ ಗೌರಿ ಹಬ್ಬದ ಬಾಗಿನವನ್ನು ಕಳಿಸತಕ್ಕದ್ದು. ಯಾರು ಕಳಿಸತಕ್ಕದ್ದು ಎಂದು ಬರೆಯಲಿಲ್ಲ. ಮೂವತ್ತಾರು ವರ್ಷದ ಸರ್ವೀಸಿನಲ್ಲಿ ಅವರು ಚೆನ್ನಾಗಿ ಕಲಿತಿದ್ದೇ ಆ ವಿದ್ಯೆಯನ್ನು.

ತಮ್ಮ ಕಳಿಸುತ್ತಾನೆ ಅಂತ ಅಣ್ಣ, ಅಣ್ಣ ಕಳಿಸುತ್ತಾನೆ ಅಂತ ತಮ್ಮ. ಮೂರು ಗೌರಿ ಹಬ್ಬ ಹೀಗೆ ಕಳೆದವು. ಮೊದಲನೇ ವರ್ಷ ಸಮತಾ ಬೆಳಿಗ್ಗೆಯಿಂದ ಸಂಜೆಯವರೆಗೆ ಹೊಸ ಸೀರೆಯಲ್ಲೇ ಬಾಗಿಲು ಕಾದಳು. ಎದುರು ಮನೆಯ ಶಾಮಲಾ "ತವರಿಂದ ಬಂತಾ?" ಅಂತ ಕೇಳಿದಾಗಲೆಲ್ಲ "ಬರ್ತಿದೆ, ದಾರೀಲಿದೆ" ಅಂದಳು. ಎರಡನೇ ವರ್ಷ ಜ್ವರ ಅಂತ ಮಲಗಿದಳು. ಮೂರನೇ ವರ್ಷ ಗಾಂಧಿ ಬಜಾರಿಗೆ ಹೋಗಿ ತಾನೇ ಒಂದು ಜೊತೆ ಮೊರ, ಬಳೆ, ಅರಿಶಿನ, ಕುಂಕುಮ, ರವಿಕೆ ಕಣ ತಂದು ಜೋಡಿಸಿ, ತವರಿನಿಂದ ಬಂತು ಅಂತ ಶಾಮಲಾಗೆ ತೋರಿಸಿದಳು. ಶಿವರಾಜ್ ಅದನ್ನು ನೋಡಿದ, ನೋಡದವನಂತೆ ಅಂಗಡಿಗೆ ಹೋದ. ಆ ದಿನ ಮೂರು ಪ್ರಿಂಟರಿಗೆ ತಪ್ಪು ಬಣ್ಣ ತುಂಬಿದ.

ಇನ್ನು ಸ್ವಿಚ್ಚಿನ ವಿಷಯ; ದೀಪದ ಸ್ವಿಚ್ಚಲ್ಲ, ಕಂಪ್ಯೂಟರುಗಳನ್ನು ಜೋಡಿಸುವ ಸ್ವಿಚ್ಚು. ಊರಿನ ಕಾರ್ಖಾನೆಯೊಂದು ಮುಚ್ಚಿಹೋಗಿ ಅದರ ಕಚೇರಿ ಸಾಮಾನು ಹರಾಜಾದಾಗ ಮಾವನವರು ಹೊತ್ತು ತಂದ ಕಬ್ಬಿಣದ ಪೆಟ್ಟಿಗೆ ಅದು. ಇಪ್ಪತ್ನಾಲ್ಕು ತೂತು, ತೂತಿಗೊಂದು ಹಸಿರು ದೀಪ. ಅಂಗಡಿಯ ಕಂಪ್ಯೂಟರು, ಪ್ರಿಂಟರುಗಳ ತಂತಿಗಳೆಲ್ಲ ಬಂದು ಸೇರುವುದು ಅದರಲ್ಲೇ. ಸಾವಿರ ಜನರ ಕಾರ್ಖಾನೆಗೆ ಮಾಡಿದ್ದನ್ನು ಆರು ಕಂಪ್ಯೂಟರಿನ ಪಾತ್ರೆ ಅಂಗಡಿಗೆ ತಂದಿದ್ದು ಕುರಿ ಕಟ್ಟುವ ಗೂಟಕ್ಕೆ ಆನೆ ಕಟ್ಟಿದ ಹಾಗಾಗಿತ್ತು. ಮೆಟ್ಟಿಲಿನ ತಿರುವಿನಲ್ಲಿ ಅದನ್ನು ಗೋಡೆಗೆ ಹೊಡೆಸಿದರು, ಆರು ತಿಂಗಳಲ್ಲಿ ಅದರ ಮೇಲೇ ಅವರ ಫೋಟೋ ಬಂತು. ಅಪ್ಪ ಕೊನೆಯದಾಗಿ ತಂದ ವಸ್ತು ಅಂತ ಮಕ್ಕಳಿಬ್ಬರೂ ಹಟ ಹಿಡಿದರು. ಶಿವಶಂಕರಪ್ಪನವರು ತೂತು ಎಣಿಸಿ ಹನ್ನೆರಡು ಹನ್ನೆರಡು ಹಂಚಿದರು.

"ಹೊರಗೆ ಸರಿ. ಒಳಗೆ ಒಂದೇ ಅಲ್ವಾ?" ಅಂತ ಗಂಗಾಧರಪ್ಪ ಕೊಕ್ಕೆ ತೆಗೆದ.

"ಒಳಗೂ ಗೋಡೆ ಹಾಕಬಹುದು ಭಾವ," ಅಂದವನು ಶಿವರಾಜ್. ಒಂದೇ ಪೆಟ್ಟಿಗೆಯೊಳಗೆ ಕಣ್ಣಿಗೆ ಕಾಣದ ಎರಡು ಮನೆ ಮಾಡಿ, ಈ ಮನೆಯ ಕಂಪ್ಯೂಟರು ಆ ಮನೆಯ ಕಂಪ್ಯೂಟರಿನ ಸುದ್ದಿಗೆ ಹೋಗದ ಹಾಗೆ ಮಾಡಿದ. ಕಂಪ್ಯೂಟರಿನವರು ಇದಕ್ಕೆ ವಿಲ್ಯಾನ್ ಅನ್ನುತ್ತಾರೆ. ಶಿವಶಂಕರಪ್ಪನವರು "ಆಂತರಿಕ ಪಾಲು" ಅಂತ ಬರೆದುಕೊಂಡರು.

ಅದೇ ದಿನದಿಂದ ಅಣ್ಣತಮ್ಮಂದಿರು ಮಾತು ಬಿಟ್ಟರು. ನಿಜವಾದ ಕಾರಣ ಎಲ್ಲರಿಗೂ ಗೊತ್ತು. ಆ ದಿನದ ಊಟದಲ್ಲಿ ಅಣ್ಣನ ಹೆಂಡತಿ ತಮ್ಮನ ಹೆಂಡತಿಯ ಹೋಳಿಗೆಗೆ ತುಪ್ಪ ಬಡಿಸದೆ ಮುಂದಿನ ಎಲೆಗೆ ಹೋಗಿಬಿಟ್ಟಳು. ಆದರೆ ತಿಂಗಳಿಗೊಬ್ಬ ಮಗನ ಮನೆಯಲ್ಲಿ ಉಣ್ಣುತ್ತಿದ್ದ ಅತ್ತೆ ಜಗದಾಂಬಮ್ಮನವರು ಇಬ್ಬರು ಸೊಸೆಯರನ್ನೂ ಬಯ್ಯುವ ಸ್ಥಿತಿಯಲ್ಲಿರಲಿಲ್ಲ. ಅವರು ಪೆಟ್ಟಿಗೆಯನ್ನು ಬಯ್ದರು.

"ಅಳಿಯಂದ್ರೇ," ಅಂದರು, ಮೂರು ವರ್ಷದ ಮೇಲೆ, ಆಷಾಢ ಮುಗಿಯುವ ಹೊತ್ತಿಗೆ ಶಿವರಾಜ್ ಪ್ರಿಂಟರು ನೋಡಲು ಹೋಗಿದ್ದಾಗ. "ಗೋಡೆ ಹಾಕಿದೋರು ನೀವು. ಬಾಗ್ಲು ಇಡೋರೂ ನೀವೇ ಆಗ್ಬೇಕು."

"ಯಾವ ಗೋಡೆ ಅತ್ತೆ?"

"ಆ ಡಬ್ಬಿ ಒಳಗಿಂದು. ಅದು ಎದ್ದ ದಿನದಿಂದ ನನ್ನ ಮಕ್ಳು ಮುಖ ನೋಡಲ್ಲ. ಅಲ್ಲೊಂದು ದಾರಿ ಬಿಟ್ರೆ ಇಲ್ಲೂ ಆಗುತ್ತೆ."

ಅದು ಕಂಪ್ಯೂಟರುಗಳು ಮಾತಾಡದ ಹಾಗೆ ಹಾಕಿದ್ದು, ಮನುಷ್ಯರು ಮಾತಾಡದ ಹಾಗಲ್ಲ ಎಂದು ಶಿವರಾಜ್ ಹೇಳಬೇಕಿತ್ತು. ಹೇಳಲು ಬಾಯಿಯನ್ನೂ ತೆರೆದಿದ್ದ. ಅಷ್ಟರಲ್ಲಿ ಅವರು, "ನಿಮ್ಮ ಕೈಲಿ ಆಗ್ದಿದ್ರೆ ಬಿಡಿ, ಬೆಂಗಳೂರಿಂದ ಯಾರನ್ನಾದ್ರೂ ಕರೆಸೋಣ ಅಂತ ವಿಜಿ ಹೇಳ್ತಿದ್ದ," ಅಂದರು. ತೆರೆದ ಬಾಯಿಯಿಂದ ಬೇರೆ ಮಾತು ಬಂತು. ಅದೇ, ಒಂದು ಗಂಟೆ ಕೆಲಸ ಅನ್ನುವುದು.

ಎರಡು ವಿಲ್ಯಾನುಗಳ ನಡುವೆ ದಾರಿ ಹಾಕುವುದಕ್ಕೆ ರೌಟಿಂಗ್ ಅನ್ನುತ್ತಾರೆ. ಶಿವರಾಜ್ ಅದನ್ನು ಹಿಂದೆಂದೂ ಮಾಡಿರಲಿಲ್ಲ. ಅದರ ಬಗ್ಗೆ ಒಂದೂವರೆ ವಿಡಿಯೋ ನೋಡಿದ್ದ. ಉಳಿದರ್ಧ ನೋಡುವಾಗ ಗಿರಾಕಿ ಬಂದಿದ್ದರು.

ಮನೆಗೆ ಬಂದು ಹೇಳಿದಾಗ ಸಮತಾ ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ನಿಜವಾಗ್ಲೂ ಮಾತಾಡ್ತಾರಾ ರೀ?"

"ನೋಡೋಣ."

"ಗೌರಿ ಹಬ್ಬದೊಳಗೆ ಆಗುತ್ತಾ?"

ಇಲ್ಲೂ ಅವನಿಗೆ ನಿಜ ಹೇಳಲು ಅವಕಾಶವಿತ್ತು. ಆದರೆ ಮೂರು ವರ್ಷದಿಂದ ಕಾಣದ ಒಂದು ಮುಖ ಅವಳಲ್ಲಿ ಕಂಡಿತು. "ಆಗುತ್ತೆ," ಅಂದ.

ಪೆಟ್ಟಿಗೆ ಮುಟ್ಟಬೇಕಾದರೆ ಇಬ್ಬರ ಒಪ್ಪಿಗೆಯೂ ಬೇಕು. ಶಿವರಾಜ್ ಮೊದಲು ಕೆಳಗಿನ ಅಂಗಡಿಗೆ ಹೋದ. ಗಂಗಾಧರಪ್ಪ ಕೊಪ್ಪರಿಗೆಗಳ ನಡುವೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. "ಅಮ್ಮ ಹೇಳಿದ್ಮೇಲೆ ಆಯ್ತು ಶಿವರಾಜೂ, ಮಾಡಿ. ಒಂದೇ ಮಾತು. ಅವಂದು ನಾನು ನೋಡೋ ಹಾಗಿರ್ಬೇಕು. ನಂದು ಅವ್ನು ನೋಡೋ ಹಾಗಿರ್ಬಾರ್ದು."

ಮೇಲಿನ ಅಂಗಡಿಯಲ್ಲಿ ವಿಜಯೇಂದ್ರ ಕುರ್ಚಿ ಎಳೆದು ಕೂರಿಸಿದ. "ಅಮ್ಮನ ಆಸೆ ಭಾವ, ಬೇಡ ಅನ್ನಕ್ಕಾಗುತ್ತಾ? ಆದ್ರೆ ಒನ್ ವೇ ಮಾಡಿ. ನಾನು ಹೋಗಿ ಬರೋ ಹಾಗಿರ್ಲಿ. ಅವ್ನು ಬರೋ ಹಾಗೆ ಬೇಡ."

ಕಂಪ್ಯೂಟರಿನ ಸುದ್ದಿ ಹೋದ ದಾರಿಯಲ್ಲೇ ವಾಪಸು ಬರಬೇಕು, ದಾರಿ ಅಂದಮೇಲೆ ಎರಡು ಕಡೆಯವರಿಗೂ ದಾರಿಯೇ. ಒಂದೇ ಕಡೆಯವರಿಗೆ ಬಿಡುವ ಉಪಾಯವೂ ಇದೆಯಂತೆ, ಆದರೆ ಅದು ಶಿವರಾಜ್ ನೋಡದ ಅರ್ಧ ವಿಡಿಯೋದಲ್ಲಿತ್ತು. ಅವನು ಕೆಳಗೂ "ಆಗ್ಲಿ" ಅಂದ, ಮೇಲೂ "ಆಗ್ಲಿ" ಅಂದ.

ಇಷ್ಟು ಹೊತ್ತಿಗೆ ಶಿವಶಂಕರಪ್ಪನವರಿಗೆ ಸುದ್ದಿ ಮುಟ್ಟಿತ್ತು. ಚೀಲ, ಅಳತೆ ಟೇಪು, ಮಸಿಯ ಪೆನ್ನು ಸಮೇತ ಬಂದು ಮೆಟ್ಟಿಲ ಮೇಲೆ ಕೂತರು. "ಪಾಲಾದ ಸ್ವತ್ತಲ್ಲಿ ದಾರಿ ಬಿಡೋದು ಅಂದ್ರೆ ಹುಡುಗಾಟಾನಾ ಮಾರಾಯ? ಯಾವ ದಾರಿ? ಕಾಲುದಾರಿಯೋ ಬಂಡಿದಾರಿಯೋ?"

"ಮಾವ, ಇದು ಕಣ್ಣಿಗೆ ಕಾಣೋ ದಾರಿ ಅಲ್ಲ."

"ಕಾಣದೆ ಇರೋ ದಾರಿ ಮೇಲೇನೇ ಕೇಸು ಜಾಸ್ತಿ. ಅಗಲ ಎಷ್ಟು?"

"ಅಗಲ ಅಂದ್ರೆ... ಒಂದು ಗಿಗಾಬಿಟ್."

"ಅದನ್ನ ಅಡೀಲಿ ಹೇಳು."

ಶಿವಶಂಕರಪ್ಪನವರು ತಾವೇ ಟೇಪು ಹಿಡಿದು ಪೆಟ್ಟಿಗೆ ಅಳೆದರು, ಬರೆದರು. ಸದರಿ ಪೆಟ್ಟಿಗೆಗೆ ಪೂರ್ವಕ್ಕೆ ಮೆಟ್ಟಿಲು, ಪಶ್ಚಿಮಕ್ಕೆ ಕಕ್ಕಸಿನ ಗೋಡೆ, ಮೇಲಕ್ಕೆ ದಿವಂಗತರ ಫೋಟೋ, ಕೆಳಕ್ಕೆ ಖಾಲಿ. ಇದರೊಳಗೆ ಒಂದರಿಂದ ಹನ್ನೆರಡನೇ ತೂತಿನವರು ಹದಿಮೂರರಿಂದ ಇಪ್ಪತ್ನಾಲ್ಕನೇ ತೂತಿನವರಿಗೆ, ಅವರು ಇವರಿಗೆ, ಬಂಡಿದಾರಿ ಬಿಟ್ಟುಕೊಡತಕ್ಕದ್ದು. ಅಣ್ಣ ಕೆಳಗಿನ ಮೆಟ್ಟಿಲಲ್ಲಿ ನಿಂತು ಸಹಿ ಹಾಕಿದ. ಕಾಗದ ಮೇಲೆ ಹೋಯಿತು. ತಮ್ಮ ಮೇಲಿನ ಮೆಟ್ಟಿಲಲ್ಲಿ ನಿಂತು ಸಹಿ ಹಾಕಿದ. ನಡುವೆ ಸಾಕ್ಷಿಯಾಗಿ ಶಿವರಾಜ್ ಹಾಕಿದ. ಇವರಲ್ಲಿ ಯಾರೂ ಒಕ್ಕಣೆ ಓದಲಿಲ್ಲ.

ಶ್ರಾವಣದ ಮೊದಲ ಭಾನುವಾರ ಕೆಲಸ ಶುರುವಾಯಿತು. ಮೆಟ್ಟಿಲ ತಿರುವಿನಲ್ಲಿ ಸ್ಟೂಲು ಹಾಕಿಕೊಂಡು, ಲ್ಯಾಪ್‌ಟಾಪಿನಿಂದ ಪೆಟ್ಟಿಗೆಗೆ ನೀಲಿ ತಂತಿ ಎಳೆದು ಶಿವರಾಜ್ ಕೂತ. ಪೆಟ್ಟಿಗೆಯೊಳಗಿನ ಒಂದೊಂದು ಮನೆಗೂ ಒಂದೊಂದು ಹೊಸ್ತಿಲು ಬೇಕು. ಹೊರಗೆ ಹೋಗುವ ಸುದ್ದಿ ಆ ಹೊಸ್ತಿಲು ದಾಟಿ ಹೋಗಬೇಕು. ಎರಡು ಹೊಸ್ತಿಲನ್ನೂ ಇಟ್ಟ. ಆರು ಕಂಪ್ಯೂಟರಿಗೂ ನಿಮ್ಮ ಹೊಸ್ತಿಲು ಇದು ಅಂತ ತೋರಿಸಿಕೊಟ್ಟ. ಆಮೇಲೆ ಕೆಳಗಿನ ಕಂಪ್ಯೂಟರಿನಿಂದ ಮೇಲಿನದನ್ನು ಕೂಗಿಸಿದ. ಉತ್ತರವಿಲ್ಲ. ಮತ್ತೆ ಕೂಗಿಸಿದ. ಇಲ್ಲ.

ಅವನಿಗೆ ಉತ್ತರ ಬರದಿದ್ದರೂ ಕಾಫಿ ಬಂತು. ಕೆಳಗಿನಿಂದ ಲೋಟ ಬಂದ ಎರಡು ನಿಮಿಷಕ್ಕೆ ಮೇಲಿನಿಂದಲೂ ಬಂತು. ಕೆಳಗಿನವರು ಉಪ್ಪಿಟ್ಟು ಕಳಿಸಿದರು. ಮೇಲಿನವರು ಉಪ್ಪಿಟ್ಟಿನ ಜೊತೆ ಬಾಳೆಹಣ್ಣು ಕಳಿಸಿದರು. ಒಬ್ಬರದು ಕುಡಿದು ಒಬ್ಬರದು ಬಿಟ್ಟರೆ ಮೂರು ವರ್ಷದ ಹಿಂದಿನ ತುಪ್ಪದ ಕಥೆ ಮತ್ತೆ ಆಗುತ್ತದೆ ಎಂದು ಹೆದರಿ ಎರಡನ್ನೂ ಖಾಲಿ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಅವನ ಹೊಟ್ಟೆಯಲ್ಲಿ ಎಂಟು ಲೋಟ ಕಾಫಿ, ನಾಲ್ಕು ತಟ್ಟೆ ಉಪ್ಪಿಟ್ಟು ಇತ್ತು. ಮೆಟ್ಟಿಲ ಬುಡದಲ್ಲಿ ಹೂ ಮಾರುವ ಚಿನ್ನಮ್ಮ ಪ್ರತಿ ಮೊಳ ಕಟ್ಟಿದಾಗಲೂ ಕತ್ತೆತ್ತಿ, "ಸಾಮಿ, ಮಾತಾಡಿದ್ರಾ?" ಅಂತ ಕೇಳುತ್ತಿದ್ದಳು.

"ಇನ್ನೂ ಇಲ್ಲ."

"ರಕ್ತ ಸಂಬಂಧ ಸಾಮಿ. ಲೇಟಾಗ್ತದೆ."

ಎರಡನೇ ಭಾನುವಾರ ತಪ್ಪು ಸಿಕ್ಕಿತು. ಹೊಸ್ತಿಲು ಎರಡೂ ಸರಿಯಾಗಿಯೇ ಇದ್ದವು, ಆದರೆ ಇಲ್ಲಿಂದ ಅಲ್ಲಿಗೆ ಒಯ್ಯುವ ಕೆಲಸ ನಿನ್ನದು ಅಂತ ಪೆಟ್ಟಿಗೆಗೆ ಹೇಳುವ ಒಂದೇ ಒಂದು ಸಾಲು ಬಿಟ್ಟುಹೋಗಿತ್ತು. ರೌಟಿಂಗ್ ಮಾಡು ಅಂತ ಆ ಸಾಲು ಬರೆದ. ಕೂಗಿಸಿದ. ನಾಲ್ಕು ಸಲ ಕೂಗಿದ್ದಕ್ಕೆ ನಾಲ್ಕು ಸಲವೂ ಓ ಅಂತು. "ಬಂತು ಅತ್ತೆ," ಅಂತ ಎದ್ದು ನಿಂತ. ಜಗದಾಂಬಮ್ಮ ತೆಂಗಿನಕಾಯಿ ಒಡೆದರು. ಕಾಯಿ ಒಡೆದ ಸದ್ದಿನ ಹಿಂದೆಯೇ ಕರೆಂಟು ಹೋಯಿತು.

ಕರೆಂಟು ಹೋದರೂ ಪ್ರಾಣ ಹಿಡಿದುಕೊಂಡಿರಲಿ ಅಂತ ಮಾವನವರು ಒಂದು ಯುಪಿಎಸ್ ಇಟ್ಟಿದ್ದರು. ಪಾಲಿನಲ್ಲಿ ಯುಪಿಎಸ್ ಅಣ್ಣನಿಗೂ ಅದರ ವಯರು ತಮ್ಮನಿಗೂ ಹೋಗಿತ್ತು. ಅರ್ಧ ಗಂಟೆಯ ಮೇಲೆ ಕರೆಂಟು ಬಂದಾಗ ಪೆಟ್ಟಿಗೆ ಕಲಿಸಿದ್ದನ್ನೆಲ್ಲ ಮರೆತು ಮೂರು ವರ್ಷದ ಹಿಂದಿನ ಗೋಡೆಯೊಂದನ್ನೇ ನೆನಪಿಟ್ಟುಕೊಂಡು ಎದ್ದಿತು. ಹೇಳಿಕೊಟ್ಟ ಮೇಲೆ ಉಳಿಸಿಕೋ ಅಂತಲೂ ಹೇಳಬೇಕು. ಶಿವರಾಜ್ ಕಾಯಿ ಒಡೆಯುವ ಸಂಭ್ರಮದಲ್ಲಿ ಅದನ್ನು ಹೇಳಿರಲಿಲ್ಲ. ತನ್ನ ತಪ್ಪು ಅಂತ ಅವನು ಒಪ್ಪಿಕೊಳ್ಳಬೇಕಾದ ಅಗತ್ಯವೇ ಬರಲಿಲ್ಲ. ಮೇಲಿನವರು ಫ್ಯೂಸು ಕಿತ್ತರು ಅಂತ ಕೆಳಗಿನವರು, ಕೆಳಗಿನವರ ಕಣ್ಣು ಬಿತ್ತು ಅಂತ ಮೇಲಿನವರು ತೀರ್ಮಾನಿಸಿದ್ದರು.

ಮೂರನೇ ಭಾನುವಾರ ಮತ್ತೆ ಎಲ್ಲ ಮಾಡಿದ. ಮಾಡಿ ಉಳಿಸಿದ. ನಂಬಿಕೆಯಿಲ್ಲದೆ ಮತ್ತೊಮ್ಮೆ ಉಳಿಸಿದ. ವಯರು ಕಿತ್ತು, ಪೆಟ್ಟಿಗೆ ಆರಿಸಿ, ಮತ್ತೆ ಹಚ್ಚಿ ನೋಡಿದ. ದಾರಿ ಅಲ್ಲೇ ಇತ್ತು.

"ಇನ್ನು ಕರೆಂಟು ಹೋದ್ರೂ, ಪ್ರಳಯ ಆದ್ರೂ ಇದು ಅಳಿಸಲ್ಲ ಅತ್ತೆ," ಅಂತ ಎದೆ ತಟ್ಟಿ ಹೇಳಿದ. ಹುಟ್ಟಿದಾಗಿನಿಂದ ಅವನು ಪೂರ್ತಿ ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಒಂದು ಸಣ್ಣ ವಿಷಯ ಮಾತ್ರ ಅವನಿಗೆ ನೆನಪಾಗಲಿಲ್ಲ. ಮೂರು ವರ್ಷದ ಹಿಂದೆ ಗೋಡೆ ಹಾಕುವಾಗ, ಹೇಗೂ ಗೋಡೆ ಇದೆಯಲ್ಲ ಅಂತ, ಎರಡೂ ಅಂಗಡಿಯ ಕಂಪ್ಯೂಟರುಗಳ ಕಡತಗಳನ್ನೆಲ್ಲ ಯಾರು ಬೇಕಾದರೂ ತೆರೆಯುವ ಹಾಗೆ ಬೀಗವಿಲ್ಲದೆ ಬಿಟ್ಟಿದ್ದ.

ನಾಲ್ಕು ದಿನ ಭದ್ರಾವತಿಯಿಂದ ಏನೂ ಸುದ್ದಿಯಿಲ್ಲ. ಸಮತಾ ದಿನಕ್ಕೆ ಮೂರು ಸಲ ಫೋನು ನೋಡಿದಳು. ಐದನೇ ದಿನ ಜಗದಾಂಬಮ್ಮನವರ ಕರೆ ಬಂತು. "ಅಳಿಯಂದ್ರೇ, ಮಾತಾಡಿದ್ರು."

ಮೆಟ್ಟಿಲ ತಿರುವಿನಲ್ಲಿ, ಅಪ್ಪನ ಫೋಟೋದ ಕೆಳಗೆ ಮಾತಾಡಿದರಂತೆ. ಮೊದಲು ಜೋರಾಗಿ, ಹೂವಿನ ಚಿನ್ನಮ್ಮ ಬುಟ್ಟಿ ಬಿಟ್ಟು ಎದ್ದು ನಿಲ್ಲುವಷ್ಟು ಜೋರಾಗಿ. ಆಮೇಲೆ ಮೆಲ್ಲಗೆ. ಆಮೇಲೆ ತಮ್ಮ ಅಣ್ಣನ ಕೈ ಹಿಡಿದುಕೊಂಡನಂತೆ. ಆಮೇಲೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಶಿವಮೊಗ್ಗಕ್ಕೆ ಹೋದರಂತೆ. ಸಮತಾ ಫೋನನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು. ಆ ದಿನ ಸಂಜೆಯೇ ಹಬ್ಬಕ್ಕೆಂದು ಮನೆ ಗುಡಿಸಿ ಸಾರಿಸಿದಳು. ಹಬ್ಬಕ್ಕೆ ಇನ್ನೂ ಹತ್ತು ದಿನವಿತ್ತು.

ಶಿವರಾಜನ ಕೀರ್ತಿ ಭದ್ರಾ ಸೇತುವೆ ದಾಟಿ ಹಳೆ ಟೌನಿಗೆ ಹೋಯಿತು, ಅಲ್ಲಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂತು. ಕಾಣದ ನೆಂಟರೆಲ್ಲ ಫೋನು ಮಾಡಿದರು. ಸಮತಾಳ ದೊಡ್ಡತ್ತೆಯ ಮಗಳೊಬ್ಬಳು ಅಂಗಡಿಗೇ ಬಂದು, "ನಮ್ಮ ಯಜಮಾನ್ರು ಹದಿನಾಲ್ಕು ವರ್ಷದಿಂದ ಅವರಕ್ಕನ ಹತ್ರ ಮಾತಾಡಲ್ಲ. ಮನೇಲಿ ವೈಫೈ ಮಾತ್ರ ಇದೆ. ಅದ್ರಲ್ಲಿ ಆಗುತ್ತಾ?" ಅಂತ ಕೇಳಿದಳು. ಶಿವಶಂಕರಪ್ಪನವರು ಸಮಾಜದ ಸಭೆಯಲ್ಲಿ ಶಾಲು ಹೊದಿಸಿ, ಇಂಥ ಅಳಿಯ ಮನೆಗೊಬ್ಬ ಇದ್ದರೆ ಕೋರ್ಟುಗಳು ಮುಚ್ಚುತ್ತವೆ ಅಂದರು. ಅದು ತಂತಿಯ ಕೆಲಸ, ಮನಸ್ಸಿನದ್ದಲ್ಲ ಅಂತ ಶಿವರಾಜ್ ಯಾರಿಗೂ ಹೇಳಲಿಲ್ಲ. ಶಾಲು ಹೊದ್ದುಕೊಂಡು ಹಾಗೆ ಹೇಳಲು ಧೈರ್ಯ ಬೇಕು. ಅದರ ಬದಲು ಅಂಗಡಿಯ ಬೋರ್ಡಿನಲ್ಲಿ, ಪ್ರಿಂಟರ್ ಇಂಕು ಎಂಬುದರ ಕೆಳಗೆ, "ಕುಟುಂಬದ ನೆಟ್‌ವರ್ಕ್ ಸರಿಪಡಿಸಿಕೊಡಲಾಗುವುದು" ಅಂತ ಬರೆಸಿದ.

ಗೌರಿ ಹಬ್ಬ ಬಂತು. ಈ ಸಲ ಸಮತಾ ಗಾಂಧಿ ಬಜಾರಿಗೆ ಹೋಗಲಿಲ್ಲ. ಹತ್ತು ಗಂಟೆಗೆ ಬೀದಿಯಲ್ಲಿ ಕಾರು ನಿಂತ ಸದ್ದಾಯಿತು. ಕಿಟಕಿಯಿಂದ ಬಗ್ಗಿ ನೋಡಿದಳು. ಒಂದೇ ಕಾರು. ಮುಂದಿನ ಒಂದು ಬಾಗಿಲಿನಿಂದ ಅಣ್ಣ ಇಳಿದ, ಇನ್ನೊಂದರಿಂದ ತಮ್ಮ. ಹಿಂದಿನ ಬಾಗಿಲಿನಿಂದ ಚೀಲ ಹಿಡಿದು ಶಿವಶಂಕರಪ್ಪನವರು ಇಳಿದು ಮನೆಯ ಚಕ್ಕುಬಂದಿ ನೋಡಿದರು. ಸೀಟಿನ ಮೇಲಿಂದ ಅರಿಶಿನ ಬಳಿದ ಜೋಡಿ ಮೊರ ಹೊರಗೆ ಬಂತು. ಅದನ್ನು ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ ಹಿಡಿದು, ದೇವರ ಪಲ್ಲಕ್ಕಿ ತಂದ ಹಾಗೆ ತಂದರು.

ಎದುರು ಮನೆಯ ಶಾಮಲಾ ಬಾಗಿಲಿಗೆ ಬಂದಿದ್ದರು. ಮೊರ ನೋಡಿ ಖುಷಿಯಿಂದಲೇ ಹೇಳಿದರು. "ಅಂತೂ ಈ ವರ್ಷ ನಿಜವಾಗ್ಲೂ ಬಂತಲ್ಲ ಸಮತಾ."

ಸಮತಾ ಒಂದು ಕ್ಷಣ ತಲೆ ತಗ್ಗಿಸಿದಳು. ಆಮೇಲೆ ಸೆರಗು ಹೊದ್ದು, ಸೆರಗಿನ ಅಂಚಿನಲ್ಲಿ ಮೊರ ಹಿಡಿದು ಇಸಕೊಂಡಳು, ಅಣ್ಣನಿಗೆ ನಮಸ್ಕಾರ ಮಾಡಿದಳು. ಕಾಲು ತೊಳೆಯಲು ನೀರು ಕೊಟ್ಟಳು. ಮಣೆ ಹಾಕಿ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಕಡುಬು ಬಡಿಸಿದಳು. ಇಬ್ಬರ ಎಲೆಗೂ ತುಪ್ಪ ಹಾಕಿದಳು, ಹನಿ ಎಣಿಸಿದ ಹಾಗೆ ಸಮನಾಗಿ. ಶಿವರಾಜ್ ಬಾಗಿಲಿಗೆ ಒರಗಿಕೊಂಡು ಇದನ್ನೆಲ್ಲ ನೋಡಿದ. ತಾನು ಸುಳ್ಳುಗಾರನಲ್ಲ, ಮೊದಲು ಹೇಳಿ ಆಮೇಲೆ ಮಾಡುವವನು ಅಂತ ಅವನಿಗೆ ಅನ್ನಿಸಿತು.

ಊಟವಾದ ಮೇಲೆ ಅವಳು ಮೇಲಿನ ಮೊರ ತೆಗೆದಳು. ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಅಕ್ಕಿ, ಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ. ರವಿಕೆ ಕಣದ ಕೆಳಗೆ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಛಾಪಾ ಕಾಗದ.

"ಅದೊಂದು ಸಣ್ಣ ಸಹಿ ಕಣೆ," ಅಂದ ಗಂಗಾಧರಪ್ಪ. "ಒಳ್ಳೆ ದಿನ, ಒಳ್ಳೆ ಗಳಿಗೆ ಅಂತ ಇವತ್ತೇ ತಂದ್ವಿ."

"ಎಲ್ಲ ಭಾವನಿಂದಲೇ ಆಗಿದ್ದು," ಅಂದ ವಿಜಯೇಂದ್ರ, ಶಿವರಾಜನ ಕಡೆ ತಿರುಗಿ. "ನೀವು ದಾರಿ ಹಾಕಿದ ಮಾರನೇ ದಿನ ಕೂತಲ್ಲಿಂದಲೇ ಅಣ್ಣನ ಕಂಪ್ಯೂಟರ್ ತೆಗೆದು ನೋಡ್ದೆ. 'ಸಮತಾ ಸಹಿ' ಅಂತ ಒಂದು ಕಾಗದ ಇತ್ತು. ಅಕ್ಕನ ಪಾಲು ಅಣ್ಣನಿಗೆ ಬಿಟ್ಕೊಟ್ಟ ಹಾಗೆ ಬರೆಸಿಟ್ಟಿದ್ದ. ನನಗೆ ಮೈಯೆಲ್ಲ ಉರಿದುಹೋಯ್ತು."

"ನಾನು ಇವಂದು ನೋಡ್ದೆ," ಅಂದ ಗಂಗಾಧರಪ್ಪ. "ಇವನ ಹತ್ರಾನೂ ಅದೇ ಕಾಗದ. ಇವನಿಗೆ ಬಿಟ್ಕೊಟ್ಟ ಹಾಗೆ. ಒಕ್ಕಣೇನೂ ಅದೇ, ಬರೆದ ಶಿವಮೊಗ್ಗದ ಕೋಟೆ ರಸ್ತೆ ವಕೀಲರೂ ಅವರೇ. ಮೂರು ವರ್ಷದಿಂದ ಇಬ್ರೂ ಒಂದೇ ಯೋಚನೆ ಮಾಡ್ತಾ ಇದ್ವಿ ಶಿವರಾಜೂ, ಒಬ್ರಿಗೊಬ್ರಿಗೆ ಗೊತ್ತೇ ಇರ್ಲಿಲ್ಲ. ಸುಮ್ನೆ ಮಾತು ಬಿಟ್ಟು ಹಾಳಾದ್ವಿ. ಈಗ ಇಬ್ರ ಹೆಸರಿಗೂ ಸೇರಿಸಿ ಒಂದೇ ಕಾಗದ ಮಾಡ್ಸಿದ್ದೀವಿ." ಹೇಳುತ್ತಾ ಹೇಳುತ್ತಾ ಅವನು ಕಣ್ಣೊರೆಸಿಕೊಂಡ. ತಮ್ಮ ಅವನ ಭುಜದ ಮೇಲೆ ಕೈಯಿಟ್ಟ.

ಬೀಗವಿಲ್ಲದೆ ಬಿಟ್ಟ ಕಡತಗಳು ಶಿವರಾಜನಿಗೆ ಈಗ ನೆನಪಾದವು. ಎರಡನೇ ಭಾನುವಾರ ಕರೆಂಟು ಹೋಗಿ ಎಲ್ಲ ಅಳಿಸಿಹೋಗಿತ್ತು. ದೇವರು ಕೊಟ್ಟ ಆ ಸೂಚನೆಯನ್ನು ಲೆಕ್ಕಿಸದೆ ಮೂರನೇ ಭಾನುವಾರ ಹೋಗಿ ದಾರಿಯನ್ನು ಎರಡೆರಡು ಸಲ ಉಳಿಸಿ ಬಂದಿದ್ದ.

ಸಮತಾ ಕಾಗದ ಓದುತ್ತಿದ್ದಳು. ಅವಳು ಓದುತ್ತಾಳೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಕೊನೆಯ ಸಾಲಿಗೆ ಬಂದು ಬೆರಳು ನಿಲ್ಲಿಸಿ ಗಟ್ಟಿಯಾಗಿ ಓದಿದಳು. "ಗೌರಿ ಹಬ್ಬದ ಬಾಗಿನವೂ ಸೇರಿದಂತೆ ತವರಿನ ಯಾವುದೇ ಬಾಬ್ತಿನಲ್ಲಿ ಇನ್ನು ಮುಂದೆ ನನಗೆ ಹಕ್ಕು ಇರುವುದಿಲ್ಲ." ತಲೆಯೆತ್ತಿದಳು. "ಇದೇನು ದೊಡ್ಡಪ್ಪ?"

"ಏಳನೇ ಕಲಂ ಬಾಕಿ ನಿಂತಿತ್ತಮ್ಮ," ಅಂದರು ಶಿವಶಂಕರಪ್ಪನವರು, ಕಡುಬಿನ ಕೈ ಒರೆಸಿಕೊಳ್ಳುತ್ತಾ. "ಅದನ್ನೂ ತೀರಿಸಿಬಿಟ್ಟೆ. ಹೇಗೂ ಇವತ್ತು ಕೊಟ್ಟಾಯ್ತಲ್ಲ."

"ಆಸ್ತಿ ಬೇಡ ಅಂತ ಅವತ್ತೇ ಹೇಳಿದ್ದೆ. ಈ ಸಾಲು ಹೊಡೀರಿ, ಸಹಿ ಹಾಕ್ತೀನಿ."

ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ. "ಪ್ರತಿ ವರ್ಷ ಯಾರು ಕೊಡೋದು ಅಂತ ಮತ್ತೆ ತಕರಾರು ಯಾಕೆ ಕಣೆ," ಅಂದ ಗಂಗಾಧರಪ್ಪ. "ಅದೇ ಮತ್ತೆ," ಅಂದ ವಿಜಯೇಂದ್ರ. ಆ ಕಾಗದವೊಂದನ್ನು ಬಿಟ್ಟರೆ ಮೂರು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ಒಪ್ಪಿದ ಮೊದಲ ಮಾತು ಅದು.

ಸಮತಾ ಕಾಗದ ಮಡಿಸಿದಳು. ಮೊದಲಿದ್ದ ಮಡಿಕೆಯಲ್ಲೇ, ನಿಧಾನವಾಗಿ. "ದೊಡ್ಡಪ್ಪ, ನಾನು ಸಹಿ ಹಾಕ್ಲಿಲ್ಲ ಅಂದ್ರೆ ಏನಾಗುತ್ತೆ?"

ಶಿವಶಂಕರಪ್ಪನವರು ಕೆಟ್ಟವರಲ್ಲ. ಕಾನೂನು ಕೇಳಿದರೆ ಅವರಿಗೆ ಸುಳ್ಳು ಹೇಳಲು ಬಾರದು. "ಹಾಕದಿದ್ರೆ ಅವತ್ತಿನ ಪಾಲೇ ನಿಲ್ಲಲ್ಲಮ್ಮ. ನಿಮ್ಮಮ್ಮ ತನ್ನದನ್ನ ಅವತ್ತೇ ಬರೆದುಕೊಟ್ಟಾಯ್ತು, ಹಾಗಾಗಿ ಮೂರರಲ್ಲಿ ಒಂದು ನಿಂದು. ಅದಕ್ಕೇ ತಾನೇ ಹಾಕು ಅಂತಿರೋದು," ಅಂದರು.

ಅವಳು ಮೊರದಿಂದ ಬಳೆಗಳನ್ನು ತೆಗೆದು ಒಂದೊಂದಾಗಿ ಕೈಗೆ ಏರಿಸಿಕೊಂಡಳು. ತವರಿನ ಬಳೆಗೆ ಬೇಡ ಅನ್ನಬಾರದು. ಆಮೇಲೆ ಗಂಡನ ಕಡೆ ತಿರುಗಿದಳು.

"ರೀ, ಆ ಡಬ್ಬೀಲಿ ತೂತು ಎಷ್ಟು?"

"ಇಪ್ಪತ್ನಾಲ್ಕು."

"ಮೂರು ಪಾಲು ಮಾಡಿದ್ರೆ?"

"ಎಂಟೆಂಟು."

"ಒಳಗೂ ಮೂರು ಮನೆ ಮಾಡಕ್ಕೆ ಆಗುತ್ತಾ?"

ಮಾವನ ಮನೆಯ ವಿಷಯದಲ್ಲಿ ಅಳಿಯನಾದವನು ಬಾಯಿ ಬಿಡಬಾರದು. ಶಿವರಾಜನಿಗೆ ಈಗ ಅದು ಚೆನ್ನಾಗಿ ಗೊತ್ತಿತ್ತು. ಅವನು ಹೆಂಡತಿಯ ಕೈಬಳೆ ನೋಡಿದ, ಅವಳ ಮುಖ ನೋಡಿದ.

"ಅದೇನು ಮಹಾ," ಅಂದ. "ಒಂದು ಗಂಟೆ ಕೆಲಸ."

ಮೊದಲು ಎದ್ದವನು ಗಂಗಾಧರಪ್ಪ. ಅವನ ಹಿಂದೆ ವಿಜಯೇಂದ್ರ. ಹಬ್ಬದ ದಿನ ಹೆಣ್ಣುಮಗಳ ಬಾಯಲ್ಲಿ ಇಂಥ ಮಾತೇ ಅಂತ ಅಣ್ಣ, ಇದೆಲ್ಲ ಭಾವ ತಲೆಗೆ ತುಂಬಿದ್ದು ಅಂತ ತಮ್ಮ, ಮೂರು ವರ್ಷ ಬಾಗಿಲು ಕಾದವಳು ನಾನು ಅಂತ ಸಮತಾ, ಮರು ಪಾಲಾದರೆ ಏಣಿಯನ್ನು ಹೇಗೆ ಮೂರು ಮಾಡುವುದು ಅಂತ ಶಿವಶಂಕರಪ್ಪನವರು, ಒಟ್ಟಿಗೆ ಮಾತಾಡತೊಡಗಿದರು. ಎದುರು ಮನೆಯ ಶಾಮಲಾ ಕುಂಕುಮದ ಬಟ್ಟಲು ಹಿಡಿದು ಬಂದವರು ಗೇಟಿನಲ್ಲೇ ನಿಂತರು. ಅಷ್ಟರಲ್ಲಿ ಶಿವರಾಜನ ಫೋನು ಹೊಡೆದುಕೊಂಡಿತು. ಭದ್ರಾವತಿಯಿಂದ ಜಗದಾಂಬಮ್ಮನವರು.

"ಅಳಿಯಂದ್ರೇ, ಇಬ್ರೂ ಒಟ್ಟಿಗೆ ಬಂದ್ರಾ?"

"ಬಂದ್ರು ಅತ್ತೆ."

"ಬಾಗಿನ ಕೊಟ್ರಾ?"

"ಕೊಟ್ರು."

"ಏನೋ ಗಲಾಟೆ ಕೇಳ್ತಿದೆ. ಮಾತಾಡ್ತಿದ್ದಾರಾ?"

ಶಿವರಾಜ್ ಒಂದು ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋದ. "ಮೂವರೂ ಮಾತಾಡ್ತಿದ್ದಾರೆ ಅತ್ತೆ."

ಆ ಕಡೆಯಿಂದ ಒಂದು ನಿಟ್ಟುಸಿರು ಬಂತು. "ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಇನ್ನು ಕರೆಂಟು ಹೋದ್ರೂ ಆ ದಾರಿ ಅಳಿಸಲ್ಲ ಅಂದಿದ್ರಲ್ಲ?"

"ಅಳಿಸಲ್ಲ ಅತ್ತೆ," ಅಂದ ಶಿವರಾಜ್. "ಎರಡು ಸಲ ಉಳಿಸಿದ್ದೀನಿ."